ಬಾಮೈದನ ಮ್ಯಾನೇಜ್‌ಮೆಂಟ್ ಸೀಟು, ಮಗಳ ಕೃಷಿ, ಮಗನ ಸ್ಟಾರ್ಟರ್ ಡಬ್ಬಿ

ಪ್ರಶ್ನೆ: ಮೇಷ್ಟ್ರೇ, ನಮಸ್ಕಾರ. ನಮ್ಮದು ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿ. ಎರಡು ಎಕರೆ ಗದ್ದೆ ಇದೆ. ಕಬ್ಬು, ಭತ್ತ ಹಾಕ್ತೀವಿ. ಮಗಳು ಈ ವರ್ಷ ಪಿಸಿಎಂಬಿಯಲ್ಲಿ ಸೆಕೆಂಡ್ ಪಿಯುಸಿ ಮುಗಿಸಿದಳು, ಶೇ 81 ಬಂದಿದೆ. ಸಿಇಟಿಯಲ್ಲಿ ಎಂಜಿನಿಯರಿಂಗ್ ರ‍್ಯಾಂಕ್ 70 ಸಾವಿರದ ಆಚೆ. ಕೃಷಿ ಪ್ರಾಕ್ಟಿಕಲ್‌ಗೂ ಹೋಗಿ ಬಂದಳು. ಅವಳಿಗೆ ಬಿಎಸ್ಸಿ ಅಗ್ರಿ ಓದೋ ಆಸೆ. ಬೆಂಗಳೂರಿನಲ್ಲಿರುವ ನನ್ನ ಬಾಮೈದ, ‘ಅಗ್ರಿ ಓದಿ ಏನು ಮಾಡ್ತಾಳೆ? ಕಂಪ್ಯೂಟರ್ ಸೈನ್ಸ್ ಮ್ಯಾನೇಜ್‌ಮೆಂಟ್ ಸೀಟು ಕೊಡಿಸ್ತೀನಿ. ಹತ್ತು ಲಕ್ಷ ಬ್ಯಾಂಕ್ ಸಾಲ ಮಾಡಿ, ಮಿಕ್ಕಿದ್ದಕ್ಕೆ ಅರ್ಧ ಎಕರೆ ಕೊಟ್ಟುಬಿಡಿ ಭಾವ’ ಅಂತಾನೆ. ನನ್ನ ಹೆಂಡತಿಗೆ ಮಗಳು ಮೈಸೂರಲ್ಲಿ ಓದಿ ಟೀಚರ್ ಆಗಲಿ ಅಂತ. ಇನ್ನು ಮಗ. ಎಸ್ಸೆಸ್ಸೆಲ್ಸಿ ಪಾಸಾದ, ಶೇ 52. ಓದು ಅಂದರೆ ಪಂಪ್‌ಸೆಟ್ ಸ್ಟಾರ್ಟರ್ ಬಿಚ್ಚಿಕೊಂಡು ಕೂರ್ತಾನೆ. ಅವನನ್ನು ಪಿಯುಸಿಗೆ ಹಾಕೋದಾ, ಬೇಡವಾ? ಇಬ್ಬರಿಗೂ ಒಂದು ದಾರಿ ಹೇಳಿ.

ಉತ್ತರ: ಮೊದಲು ನಿಮ್ಮ ಬಾಮೈದನ ಮಾತಿಗೆ ಬರೋಣ. ಯಾಕೆಂದರೆ ದುಡ್ಡು ಸಿಕ್ಕಿಕೊಂಡಿರುವುದು ಅಲ್ಲಿ. ಅವರು ಕೆಟ್ಟದ್ದೇನೂ ಬಯಸುತ್ತಿಲ್ಲ. ಅಕ್ಕನ ಮಗಳು ತಮ್ಮ ಹಾಗೆ ಬೆಂಗಳೂರಿಗೆ ಬಂದು ಸೆಟ್ಲ್ ಆಗಲಿ ಅಂತಲೇ ಹೇಳುತ್ತಿರುವುದು. ಆದರೆ ಲೆಕ್ಕ ಹಾಕಿ ಹೇಳಿದಂತೆ ಕಾಣುವುದಿಲ್ಲ. ಆ ಲೆಕ್ಕ ನಾವೇ ಹಾಕೋಣ.

ಹತ್ತು ಲಕ್ಷ ಸಾಲ ಅಂತ ಇಟ್ಟುಕೊಳ್ಳಿ. ಬಡ್ಡಿ ವರ್ಷಕ್ಕೆ ಶೇ 10. ಬ್ಯಾಂಕು ಒಟ್ಟಿಗೆ ಕೊಡುವುದಿಲ್ಲ, ವರ್ಷಕ್ಕೆ ಎರಡೂವರೆ ಲಕ್ಷದಂತೆ ನಾಲ್ಕು ಸಲ ಕೊಡುತ್ತದೆ. ಓದುವ ನಾಲ್ಕು ವರ್ಷ, ಆಮೇಲೆ ಇನ್ನೊಂದು ವರ್ಷ ಕಂತು ಕಟ್ಟಬೇಕಾಗಿಲ್ಲ. ಇದನ್ನು ಕೇಳಿ ಎಲ್ಲರೂ ನಿಟ್ಟುಸಿರು ಬಿಡುತ್ತಾರೆ. ಆದರೆ ಕಂತು ಇಲ್ಲ ಅಷ್ಟೇ, ಬಡ್ಡಿ ಓಡುತ್ತಲೇ ಇರುತ್ತದೆ. ಮೊದಲ ಸಲ ಕೊಟ್ಟ ದುಡ್ಡಿಗೆ ಐದು ವರ್ಷದ ಬಡ್ಡಿ, ಎರಡನೆಯದಕ್ಕೆ ನಾಲ್ಕು, ಹೀಗೆ ಸೇರಿಸಿದರೆ ಮೂರೂವರೆ ಲಕ್ಷ ಆಗುತ್ತದೆ. ಸುಳಿಬಡ್ಡಿ ಲೆಕ್ಕವನ್ನೇ ನಾನು ಹಿಡಿದಿಲ್ಲ. ಅಂದರೆ ಮಗಳು ಕಂತು ಕಟ್ಟಲು ಕೂರುವ ಹೊತ್ತಿಗೆ ಸಾಲ ಹದಿಮೂರೂವರೆ ಲಕ್ಷ. ಹತ್ತು ವರ್ಷದಲ್ಲಿ ತೀರಿಸುವುದಾದರೆ ತಿಂಗಳಿಗೆ ಸುಮಾರು 17,800 ರೂಪಾಯಿ. ಅದೂ 120 ತಿಂಗಳು.

ನನ್ನ ಹತ್ತಿರ ಬರುವ ಹುಡುಗರಲ್ಲಿ, ದೊಡ್ಡ ಹೆಸರಿಲ್ಲದ ಕಾಲೇಜಿನಿಂದ ಬಂದವರು ಮೊದಲ ಕೆಲಸದಲ್ಲಿ ಕೈಗೆ 25 ಸಾವಿರ ಸಿಕ್ಕರೆ ಖುಷಿಯಾಗಿರುತ್ತಾರೆ. ಅದರಲ್ಲಿ ಪಿಜಿ ಬಾಡಿಗೆ, ಊಟ, ಬಸ್ಸು. ಇದರಲ್ಲಿ 17,800 ಎಲ್ಲಿಂದ ತೆಗೆಯುತ್ತಾಳೆ? ನೀವೇ ಕಟ್ಟಬೇಕಾಗುತ್ತದೆ. ನೀವು ಕಟ್ಟುವುದು ಯಾವುದರಿಂದ? ಉಳಿದ ಒಂದೂವರೆ ಎಕರೆಯಿಂದ.

ಇನ್ನೊಂದು ವಿಷಯ. ಕಬ್ಬಿನ ದುಡ್ಡು ಕೈಗೆ ಬರುವ ತಿಂಗಳು ಬೇರೆ, ಕಾಲೇಜು ಫೀಸ್ ಕೇಳುವ ತಿಂಗಳು ಬೇರೆ. ಕಬ್ಬು ಕಡಿದು, ಲಾರಿ ಹತ್ತಿಸಿ, ಬಿಲ್ಲು ಆಗುವವರೆಗೆ ಕಾದು ಕೂರುವವರು ನೀವು. ಕಾಲೇಜಿನವರು ಕಾಯುವುದಿಲ್ಲ. ಎರಡರ ನಡುವೆ ಕೈಸಾಲ ಬರುತ್ತದೆ, ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿ. ಮಂಡ್ಯ ಜಿಲ್ಲೆಯಲ್ಲಿ ಎಂಜಿನಿಯರಿಂಗ್ ಸಾಲಕ್ಕಿಂತ ಈ ನಡುವಿನ ಕೈಸಾಲವೇ ಜಾಸ್ತಿ ಮನೆ ಮುರಿದದ್ದನ್ನು ಕಂಡಿದ್ದೇನೆ.

ಹಾಗಾಗಿ ನನ್ನ ಅಭಿಪ್ರಾಯ ಸೀದಾ ಹೇಳುತ್ತೇನೆ. ಗದ್ದೆ ಮಾರಿ ಮ್ಯಾನೇಜ್‌ಮೆಂಟ್ ಸೀಟು ಬೇಡ. ಕಂಪ್ಯೂಟರ್ ಸೈನ್ಸ್ ಕೆಟ್ಟದ್ದು ಅಂತಲ್ಲ. ಅದೇ ಕೋರ್ಸು ಸಿಇಟಿ ಸರ್ಕಾರಿ ಕೋಟಾದಲ್ಲಿ, ಮನೆಯಿಂದ ಓಡಾಡುವ ದೂರದಲ್ಲಿ ಸಿಕ್ಕಿದ್ದರೆ, ಮಗಳಿಗೂ ಮನಸ್ಸಿದ್ದರೆ, ಸೇರಿಸಿ ಎನ್ನುತ್ತಿದ್ದೆ. ಮಂಡ್ಯದಲ್ಲಿ ಕೆ.ವಿ. ಶಂಕರಗೌಡರು 1962ರಲ್ಲಿ ಕಟ್ಟಿದ ಪಿಇಎಸ್ ಕಾಲೇಜಿದೆ. ಮೈಸೂರಿನಲ್ಲಿ ಎನ್‌ಐಇ, ಎಸ್‌ಜೆಸಿಇ ಇವೆ. ಇವುಗಳಲ್ಲಿ ಯಾವ ಬ್ರಾಂಚ್ ಯಾವ ರ‍್ಯಾಂಕ್‌ವರೆಗೆ ಹೋಯಿತು ಎಂಬ ಹೋದ ವರ್ಷದ ಪಟ್ಟಿ, ಸಿಇಟಿ ನಡೆಸಿ ಸೀಟು ಹಂಚುವ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ವೆಬ್‌ಸೈಟಿನಲ್ಲಿ ಇರುತ್ತದೆ. ನಿಮ್ಮ ಕೆಟಗರಿಯ ಕಾಲಂ ನೋಡಿ, ಜನರಲ್ ಕಾಲಂ ನೋಡಿ ಹೆದರಬೇಡಿ. ಎಸ್‌ಎನ್‌ಕ್ಯೂ ಅಂತ ಇನ್ನೊಂದು ಇದೆ. ಎಂಜಿನಿಯರಿಂಗ್‌ನಲ್ಲಿ ಶೇ 5ರಷ್ಟು ಹೆಚ್ಚುವರಿ ಸೀಟು, ಮನೆಯ ಆದಾಯ ವರ್ಷಕ್ಕೆ ಎಂಟು ಲಕ್ಷದ ಒಳಗಿದ್ದರೆ ಬೋಧನಾ ಶುಲ್ಕ ಮಾಫಿ. ಅದಕ್ಕೂ ರ‍್ಯಾಂಕೇ ಲೆಕ್ಕ. ಆದರೂ ಗೊತ್ತಿರಲಿ.

ಬಾಮೈದ ಬಿಡುವುದೇ ಇಲ್ಲ ಅಂದರೆ, ಅವರು ಹೇಳುವ ಕಾಲೇಜಿನಲ್ಲಿ ಒಂದೇ ಒಂದು ಪ್ರಶ್ನೆ ಕೇಳಿಸಿ. ‘ಅತಿ ಹೆಚ್ಚು ಪ್ಯಾಕೇಜ್ ಎಷ್ಟು’ ಅಂತ ಕೇಳಬೇಡಿ. ಅದನ್ನು ಅವರೇ ಬೋರ್ಡಿಗೆ ಬರೆಸಿ ಹೆದ್ದಾರಿ ಪಕ್ಕ ನಿಲ್ಲಿಸಿರುತ್ತಾರೆ. ಹೋದ ವರ್ಷ ಆ ಬ್ರಾಂಚ್ ಮುಗಿಸಿದ ಎಲ್ಲರನ್ನೂ ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿದರೆ, ಸಾಲಿನ ನಡುವೆ ನಿಂತವನ ಸಂಬಳ ಎಷ್ಟು ಅಂತ ಕೇಳಿ. ಕೆಲಸ ಸಿಗದವರೂ ಸಾಲಿನಲ್ಲಿ ನಿಲ್ಲಬೇಕು. ಉತ್ತರ ಕೊಡಲು ಅವರು ಎಷ್ಟು ಹೊತ್ತು ತೆಗೆದುಕೊಳ್ಳುತ್ತಾರೆ ನೋಡಿ. ಸಾಕಷ್ಟು ಗೊತ್ತಾಗುತ್ತದೆ.

ಈಗ ಮಗಳ ಆಸೆ.

ನಿಮ್ಮದು ನಾಲೆ ಬಯಲು, ನಿಮಗೆ ಇದು ಬೇಗ ಅರ್ಥವಾಗುತ್ತದೆ. ನಾನು ಒಂದು ಕೋರ್ಸನ್ನು ನೋಡುವುದು ನಾಲೆ ನೋಡಿದ ಹಾಗೆ. ಮೇಲೆ ಎಷ್ಟು ನೀರು ಬಿಟ್ಟಿದ್ದಾರೆ ಅನ್ನುವುದು ಒಂದು ಲೆಕ್ಕ. ದಾರಿಯಲ್ಲಿ ತೂಬು ಎಲ್ಲೆಲ್ಲಿ ಇದೆ ಅನ್ನುವುದು ಇನ್ನೊಂದು. ಹದಿನೇಳು ವರ್ಷದ ಹುಡುಗಿಯ ಮನಸ್ಸು ಇಪ್ಪತ್ತೊಂದಕ್ಕೆ ಬದಲಾಗಬಹುದು. ಆಗ ಪಕ್ಕಕ್ಕೆ ಹರಿಯಲು ತೂಬು ಇರುವ ಕೋರ್ಸು ಒಳ್ಳೆಯದು. ಬಿಎಸ್ಸಿ ಅಗ್ರಿ ಆ ಲೆಕ್ಕದಲ್ಲಿ ಚೆನ್ನಾಗಿದೆ.

ನಾಲ್ಕು ವರ್ಷದ ಡಿಗ್ರಿ, ಎಂಟು ಸೆಮಿಸ್ಟರ್. ಸರ್ಕಾರಿ ಸೀಟಿನ ಫೀಸು ಖಾಸಗಿ ಎಂಜಿನಿಯರಿಂಗ್ ಕಾಲೇಜಿನ ಹತ್ತಿರಕ್ಕೂ ಬರುವುದಿಲ್ಲ. ಹಾಸ್ಟೆಲ್, ಮೆಸ್ ಖರ್ಚು ಬೇರೆ. ಕಾಲೇಜು ನಿಮ್ಮ ಜಿಲ್ಲೆಯಲ್ಲೇ ಇದೆ, ಮಂಡ್ಯದ ವಿ.ಸಿ. ಫಾರಂ. ವಿ.ಸಿ. ಅಂದರೆ ವಿಶ್ವೇಶ್ವರಯ್ಯ ಕೆನಾಲ್, ನಿಮ್ಮ ಕಡೆ ಹಿರಿಯರು ಇರ್ವಿನ್ ನಾಲೆ ಅನ್ನುತ್ತಿದ್ದರಲ್ವಾ, ಅದೇ. ನೀವು ಹಾಕಿರುವ ಕಬ್ಬು ವಿಸಿಎಫ್ 0517 ಆಗಿದ್ದರೆ, ಆ ‘ವಿಸಿಎಫ್’ ಇದೇ ಫಾರಂನ ಹೆಸರು. ಕೆಆರ್‌ಹೆಚ್-2 ಹೈಬ್ರಿಡ್ ಭತ್ತವೂ ಅಲ್ಲಿಂದ ಬಂದದ್ದು. ನಿಮ್ಮ ಗದ್ದೆಯಲ್ಲಿ ಬೆಳೆಯುವುದನ್ನು ಕಂಡುಹಿಡಿದ ಜಾಗದಲ್ಲಿ ಮಗಳು ಓದುತ್ತೇನೆ ಅನ್ನುತ್ತಿದ್ದಾಳೆ. ಬಾಮೈದನಿಗೆ ಇದನ್ನು ಹೇಳಿ.

ಪ್ರಾಕ್ಟಿಕಲ್‌ಗೆ ಹೋಗಿ ಬಂದಳು ಅಂತ ಬರೆದಿದ್ದೀರಿ. ಒಳ್ಳೆಯ ಕೆಲಸ ಆಯಿತು. ಎಷ್ಟೋ ಜನ ರೈತರ ಮಕ್ಕಳು ಸಿಇಟಿ ಅರ್ಜಿ ಹಾಕುವಾಗ ಕೃಷಿಕರ ಕೋಟಾ ಕೇಳುವುದನ್ನೇ ಮರೆಯುತ್ತಾರೆ. ಆ ಕೋಟಾದ ರ‍್ಯಾಂಕಿಗೆ ಪಿಯುಸಿ ಅಂಕ, ಸಿಇಟಿ ಅಂಕ, ಪ್ರಾಕ್ಟಿಕಲ್ ಅಂಕ ಮೂರೂ ಸೇರುತ್ತವೆ. ಬೀಜ, ಗೊಬ್ಬರ, ಕೃಷಿ ಸಾಮಾನು ಮುಂದಿಟ್ಟು ಇದೇನು, ಅದೇನು ಅಂತ ಕೇಳುತ್ತಾರೆ. ಹೋದ ಸಲ ನನ್ನ ಹತ್ತಿರ ಬಂದಿದ್ದ ಒಬ್ಬ ಹುಡುಗಿ, ಮನೆಯಲ್ಲಿ ನಾಲ್ಕು ಎಕರೆ ಜಮೀನು, ಹುಚ್ಚೆಳ್ಳನ್ನು ಕರಿ ಎಳ್ಳು ಅಂದು ಬಂದಿದ್ದಳು. ‘ನಮ್ಮಲ್ಲಿ ಹುಚ್ಚೆಳ್ಳು ಬೆಳೆಯೋದೇ ಇಲ್ಲ ಸಾರ್, ಬರೀ ಕಬ್ಬು’ ಅಂತ ಅತ್ತಳು. ನಿಜ ಹೇಳಬೇಕಂದರೆ ಮಂಡ್ಯದ ಮಕ್ಕಳಿಗೆ ಇದೊಂದು ತೊಂದರೆ. ಕೂರಿಗೆ, ಕುಂಟೆ ನೋಡಿದವರೂ ಕಡಿಮೆ. ನಿಮ್ಮ ಮಗಳು ಏನೇನು ಗುರುತಿಸಿದಳು ಅಂತ ಸುಮ್ನೆ ಕೇಳಿ ನೋಡಿ. ಆ ಮಾತುಕತೆಯಲ್ಲೇ ಅವಳ ಆಸೆ ಎಷ್ಟು ಗಟ್ಟಿ ಅಂತ ತಿಳಿಯುತ್ತದೆ.

ಒಂದು ವಿಷಯ ಗಮನಿಸಿ. ಸಿಇಟಿ ಒಂದೇ ಪರೀಕ್ಷೆ, ರ‍್ಯಾಂಕ್ ಹಲವು. ಎಂಜಿನಿಯರಿಂಗ್‌ಗೆ ಒಂದು, ಕೃಷಿಗೆ ಒಂದು, ಪಶುವೈದ್ಯಕೀಯಕ್ಕೆ ಒಂದು. 70 ಸಾವಿರ ಅಂತ ನೀವು ಬರೆದದ್ದು ಎಂಜಿನಿಯರಿಂಗ್ ರ‍್ಯಾಂಕು. ಅದನ್ನು ನೋಡಿ ಕೃಷಿ ಸೀಟು ಸಿಗುವುದಿಲ್ಲ ಅಂತ ಯಾರಾದರೂ ಹೇಳಿದರೆ ಅವರಿಗೆ ವಿಷಯ ಗೊತ್ತಿಲ್ಲ. ಕೃಷಿ ರ‍್ಯಾಂಕ್, ಅದರಲ್ಲೂ ಕೃಷಿಕರ ಕೋಟಾದ ರ‍್ಯಾಂಕ್ ಬೇರೆಯೇ ಇರುತ್ತದೆ. ಇದೇ ರ‍್ಯಾಂಕಿಗೆ ತೋಟಗಾರಿಕೆ, ರೇಷ್ಮೆ, ಅರಣ್ಯ ಕೋರ್ಸುಗಳೂ ಇವೆ. ಮೈಸೂರಿನ ಹತ್ತಿರವೇ ತೋಟಗಾರಿಕೆ ಕಾಲೇಜಿದೆ. ಆದರೆ ಸೀಟು ಮಂಡ್ಯದಲ್ಲೇ ಸಿಗುತ್ತದೆ ಅಂತ ಕೂರಬೇಡಿ. ಹಾಸನ, ಬೆಂಗಳೂರಿನ ಜಿಕೆವಿಕೆ, ಶಿವಮೊಗ್ಗ, ಧಾರವಾಡ ಎಲ್ಲಿಗೆ ಬೇಕಾದರೂ ಬೀಳಬಹುದು. ಹೆಂಡತಿಗೆ ಈಗಲೇ ಹೇಳಿಡಿ. ಸೀಟು ಬಂದ ಮೇಲೆ ‘ಅಷ್ಟು ದೂರ ಬೇಡ’ ಅನ್ನುವ ಮನೆಗಳು ಬಹಳ.

ಓದು ಹೇಗಿರುತ್ತದೆ? ಮಣ್ಣು, ಬೇಸಾಯ, ಕೀಟ, ರೋಗ, ತಳಿ, ಅರ್ಥಶಾಸ್ತ್ರ, ಅಂಕಿಸಂಖ್ಯೆ ಎಲ್ಲ ಇರುತ್ತದೆ. ಕೊನೆಯ ವರ್ಷ ಒಂದು ಹಳ್ಳಿಯಲ್ಲಿ ಹೋಗಿ ಇರಬೇಕು. ನಿಮ್ಮೂರಿಗೂ ಯಾವಾಗಲಾದರೂ ಬಂದಿರುತ್ತಾರೆ, ನೆನಪು ಮಾಡಿಕೊಳ್ಳಿ. ಹುಡುಗ ಹುಡುಗಿಯರು ದೇವಸ್ಥಾನದ ಮುಂದೆ ಬಣ್ಣದ ರಂಗೋಲಿ ಪುಡಿಯಲ್ಲಿ ಊರಿನ ನಕ್ಷೆ ಬಿಡಿಸುತ್ತಾರೆ. ಕೆರೆ ಇಲ್ಲಿ, ಡೈರಿ ಇಲ್ಲಿ, ನಾಲೆ ಇಲ್ಲಿ ಅಂತ. ಅಜ್ಜಂದಿರು ಸುತ್ತ ನಿಂತು ‘ಏಯ್, ಅರಳಿಕಟ್ಟೆ ಆ ಕಡೆ ಹಾಕವ್ವ’ ಅಂತ ತಿದ್ದುತ್ತಾರೆ. ಅದು ಅವರ ಪರೀಕ್ಷೆಯ ಒಂದು ಭಾಗ. ನಿಮ್ಮ ಮಗಳು ಹಾಗೆ ಹತ್ತು ಜನ ಗೊತ್ತಿಲ್ಲದವರ ಮುಂದೆ ನಿಂತು ಮಾತಾಡುತ್ತಾಳಾ? ಮಾತಾಡುತ್ತಾಳೆ ಅಂದರೆ ಈ ಕೋರ್ಸಿನ ಅರ್ಧ ಮುಗಿದಂತೆ.

‘ಅಗ್ರಿ ಓದಿ ಏನು ಮಾಡ್ತಾಳೆ’ ಅನ್ನುವುದು ನ್ಯಾಯವಾದ ಪ್ರಶ್ನೆಯೇ. ಸಿಹಿ ಮಾತ್ರ ಹೇಳುವುದಿಲ್ಲ. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೂರುವ ಕೃಷಿ ಅಧಿಕಾರಿ ಹುದ್ದೆ ಎಲ್ಲರಿಗೂ ಕಣ್ಣ ಮುಂದೆ ಇರುತ್ತದೆ. ಅದಕ್ಕೆ ನೇಮಕಾತಿ ಪ್ರತಿ ವರ್ಷ ಆಗುವುದಿಲ್ಲ. ಕೆಲವರು ಅರ್ಜಿ ಕರೆಯುವುದನ್ನೇ ಕಾಯುತ್ತಾ ವರ್ಷಗಟ್ಟಲೆ ಬಾಡಿಗೆ ರೂಮಿನಲ್ಲಿ ಕೂತಿರುತ್ತಾರೆ. ಬ್ಯಾಂಕುಗಳಲ್ಲಿ ಕೃಷಿ ಕ್ಷೇತ್ರಾಧಿಕಾರಿ ಅಂತ ಹುದ್ದೆ ಇದೆ, ಐಬಿಪಿಎಸ್ ಪರೀಕ್ಷೆ ಬರೆಯಬೇಕು. ಬೀಜ, ಗೊಬ್ಬರ, ಔಷಧಿ ಕಂಪನಿಗಳಲ್ಲಿ ಕೆಲಸ ಬೇಗ ಸಿಗುತ್ತದೆ. ಆದರೆ ಅದು ಬಿಸಿಲಿನಲ್ಲಿ ಬೈಕ್ ಓಡಿಸಿಕೊಂಡು ಅಂಗಡಿ ಅಂಗಡಿ ತಿರುಗುವ, ತಿಂಗಳ ಕೊನೆಗೆ ಟಾರ್ಗೆಟ್ ಕೇಳುವ ಕೆಲಸ. ಹೆಣ್ಣುಮಕ್ಕಳನ್ನು ಅಲ್ಲಿ ಕಡಿಮೆ ತೆಗೆದುಕೊಳ್ಳುತ್ತಾರೆ ಅಂತ ನನ್ನ ವಿದ್ಯಾರ್ಥಿನಿಯರೇ ಹೇಳುತ್ತಾರೆ. ಎಂಎಸ್ಸಿ ಮಾಡಿ ಸಂಶೋಧನೆಗೆ ಹೋಗುವವರಿದ್ದಾರೆ. ಕೆಎಎಸ್ ಬರೆಯುವವರಿದ್ದಾರೆ. ಕೇಂದ್ರದ ಅರಣ್ಯ ಸೇವೆ ಪರೀಕ್ಷೆಗೂ ಕೃಷಿ ಪದವಿ ನಡೆಯುತ್ತದೆ. ತೂಬು ಅಂದದ್ದು ಇವನ್ನೇ.

ನನ್ನದೊಂದು ಸಲಹೆ. ಮಗಳನ್ನು ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಒಂದು ದಿನ ಕಳಿಸಿ. ಬಿತ್ತನೆ ಬೀಜ ಕೊಡುವ ದಿನವೇ ಕಳಿಸಿ. ಕ್ಯೂ, ಗಲಾಟೆ, ಸ್ಟಾಕ್ ಬಂದಿಲ್ಲ ಅನ್ನುವ ಜಗಳ ಎಲ್ಲ ನೋಡಲಿ. ಕುರ್ಚಿಯಲ್ಲಿ ಕೂತಿರುವ ಆ ಅಧಿಕಾರಿಯ ದಿನ ಹೇಗಿರುತ್ತದೆ ಅಂತ ನೋಡಿ ಬಂದ ಮೇಲೂ ‘ನನಗಿದು ಬೇಕು’ ಅಂದರೆ, ಆಮೇಲೆ ನೀವು ಮಾತಾಡಬೇಡಿ.

ಹೆಂಡತಿಯವರ ಮಾತಿಗೂ ತೂಕ ಇದೆ, ತಳ್ಳಿಹಾಕುವುದಿಲ್ಲ. ಮೈಸೂರಿನಲ್ಲಿ ಮಾನಸಗಂಗೋತ್ರಿಯ ಹತ್ತಿರ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಇದೆ, ಜನ ಆರ್‌ಐಇ ಅನ್ನುತ್ತಾರೆ. ಎನ್‌ಸಿಇಆರ್‌ಟಿಯದು. ಅಲ್ಲಿ ಡಿಗ್ರಿ ಮತ್ತು ಬಿಎಡ್ ಸೇರಿಸಿ ನಾಲ್ಕೇ ವರ್ಷಕ್ಕೆ ಮುಗಿಯುತ್ತದೆ. ಬೇರೆ ಕಡೆ ಬಿಎಸ್ಸಿ ಮೂರು, ಬಿಎಡ್ ಎರಡು, ಒಟ್ಟು ಐದು. ಆದರೆ ಅದಕ್ಕೆ ರಾಷ್ಟ್ರಮಟ್ಟದ ಬೇರೆ ಪ್ರವೇಶ ಪರೀಕ್ಷೆ. ಪಿಯುಸಿ ಓದುವಾಗಲೇ ಅರ್ಜಿ ಹಾಕಿರಬೇಕು. ನೀವು ಬರೆದಿಲ್ಲ ಅಂದರೆ ಹಾಕಿಲ್ಲ ಅಂತಲೇ ಅಂದುಕೊಳ್ಳುತ್ತೇನೆ. ಈ ವರ್ಷ ಆ ಬಾಗಿಲು ಮುಚ್ಚಿತು. ಬಿಎಸ್ಸಿಗೆ ಮೈಸೂರಿನ ಯುವರಾಜ ಕಾಲೇಜು ಇದೆ, 1928ರದ್ದು, ಇವತ್ತಿಗೂ ಲ್ಯಾಬು ಚೆನ್ನಾಗಿದೆ. ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸು ಪುಕ್ಕಟೆ. ಪಾಂಡವಪುರದಿಂದ ಓಡಾಡಿಕೊಂಡೇ ಓದಬಹುದು. ಕೃಷಿ ಸೀಟು ಕೈಕೊಟ್ಟರೆ ಇದನ್ನು ಎರಡನೆಯ ದಾರಿಯಾಗಿ ಇಟ್ಟುಕೊಳ್ಳಿ. ಒಂದರಿಂದ ಎಂಟನೇ ಕ್ಲಾಸಿನವರೆಗೆ ಪಾಠ ಮಾಡಲು ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಪಾಸಾಗಬೇಕು, ಅದನ್ನು ಹೆಂಡತಿಗೆ ಹೇಳಿ.

ಟೀಚರ್ ಅಂದಾಗ ಇನ್ನೊಂದು ನೆನಪಾಯಿತು. ಮಾನಸಗಂಗೋತ್ರಿಯಲ್ಲೇ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, 1965ರಿಂದ. ಮಾತು ಬಾರದ ಮಕ್ಕಳನ್ನು, ಕಿವಿ ಕೇಳದವರನ್ನು ಅಲ್ಲಿಗೆ ಕರೆದುಕೊಂಡು ಹೋಗುವುದು ನಿಮಗೆ ಗೊತ್ತಿರುತ್ತದೆ. ಅಂಥವರಿಗೆ ಚಿಕಿತ್ಸೆ ಕೊಡುವ ಡಿಗ್ರಿಯನ್ನು ಅಲ್ಲೇ ಓದಬಹುದು ಅನ್ನುವುದು ಮಾತ್ರ ಸುತ್ತಮುತ್ತಲಿನವರಿಗೇ ಗೊತ್ತಿಲ್ಲ. ಮೂರು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಪಿಯುಸಿಯಲ್ಲಿ ವಿಜ್ಞಾನ ಓದಿದವರು ಅದರ ಪ್ರವೇಶ ಪರೀಕ್ಷೆ ಬರೆಯಬಹುದು. ದೇಶದ ಬೇರೆ ಬೇರೆ ಮೂಲೆಯಿಂದ ಮಕ್ಕಳು ಬಂದು ಓದಿಕೊಂಡು ಹೋಗುತ್ತಾರೆ. ನಮ್ಮವರು ಅದರ ಮುಂದೆಯೇ ಬಸ್ಸಿನಲ್ಲಿ ಹೋಗಿ ಎಂಜಿನಿಯರಿಂಗ್ ಸೀಟು ಹುಡುಕುತ್ತಾರೆ. ನಿಮ್ಮ ಮಗಳಿಗೆ ಈ ವರ್ಷ ಇದು ಆಗುವುದಿಲ್ಲ, ಆದರೆ ನಿಮ್ಮೂರಿನಲ್ಲಿ ಈಗ ಫಸ್ಟ್ ಪಿಯುಸಿ ಓದುತ್ತಿರುವ ಮಕ್ಕಳಿಗೆ ತಿಳಿಸಿ.

ಇನ್ನು ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜು, ಕೋರ್ಸುಗಳ ಪಟ್ಟಿಯನ್ನು ಕೆಇಎಗೆ ಕೊಡುವುದು. ಇದರಲ್ಲಿ ಎಡವುವವರೇ ಜಾಸ್ತಿ, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ಪಟ್ಟಿಯನ್ನು ಮೊದಲು ಹಾಳೆಯ ಮೇಲೆ ಬರೆಯಿರಿ. ಮಗಳು, ನೀವು, ಹೆಂಡತಿ ಮೂವರೂ ಕೂತು ಬರೆಯಿರಿ. ಬಾಮೈದನನ್ನು ಆಮೇಲೆ ಕರೆಯಿರಿ. ಯಾವುದು ಎಲ್ಲಕ್ಕಿಂತ ಹೆಚ್ಚು ಬೇಕೋ ಅದು ಮೇಲೆ. ಹೋದ ವರ್ಷದ ಕೊನೆಯ ರ‍್ಯಾಂಕ್ ನೋಡಿ ‘ಇದು ಸಿಗಲ್ಲ’ ಅಂತ ಕೆಳಗೆ ತಳ್ಳಬೇಡಿ. ಕೆಇಎ ಕಂಪ್ಯೂಟರು ಪಟ್ಟಿಯನ್ನು ಮೇಲಿನಿಂದ ಓದಿಕೊಂಡು ಬರುತ್ತದೆ. ಒಂದನೆಯದು ನಿಮ್ಮ ರ‍್ಯಾಂಕಿಗೆ ಸಿಗದಿದ್ದರೆ ಎರಡಕ್ಕೆ ಹೋಗುತ್ತದೆ. ಸಿಗದಿರುವುದನ್ನು ಮೇಲೆ ಬರೆದಿದ್ದಕ್ಕೆ ಕೆಳಗಿನದ್ದೇನೂ ಕೈತಪ್ಪುವುದಿಲ್ಲ. ಇಷ್ಟವಿಲ್ಲದ್ದನ್ನು ಮೇಲೆ ಬರೆದರೆ ಮಾತ್ರ ಅದೇ ಗಂಟುಬೀಳುತ್ತದೆ. ಸಿಕ್ಕರೂ ಸೇರುವುದಿಲ್ಲ ಅನ್ನುವ ಕಾಲೇಜನ್ನು ಪಟ್ಟಿಗೇ ಹಾಕಬೇಡಿ. ಅಣಕು ಹಂಚಿಕೆ ಅಂತ ಒಮ್ಮೆ ತೋರಿಸುತ್ತಾರೆ, ಅದನ್ನು ನೋಡಿ ಪಟ್ಟಿ ತಿದ್ದಬಹುದು.

ಸೀಟು ಹಂಚಿಕೆ ಆದ ಮೇಲೆ ಚಾಯ್ಸ್ ಕೇಳುತ್ತಾರೆ. ಒಂದು ಅಂದರೆ, ಈ ಸೀಟು ಸಾಕು, ಸೇರುತ್ತೇನೆ. ಎರಡು ಅಂದರೆ, ಇದು ಇರಲಿ, ಪಟ್ಟಿಯಲ್ಲಿ ಇದಕ್ಕಿಂತ ಮೇಲಿರುವುದು ಮುಂದಿನ ಸುತ್ತಿನಲ್ಲಿ ಸಿಕ್ಕರೆ ಅದನ್ನು ಕೊಡಿ. ಮೂರು ಅಂದರೆ, ಇದು ಬೇಡ, ಮುಂದಿನ ಸುತ್ತಿಗೆ ಬಿಡಿ. ನಾಲ್ಕು ಅಂದರೆ, ನನಗೆ ಏನೂ ಬೇಡ. ಎರಡು ಒತ್ತಿ ಮೇಲಿನದು ಸಿಕ್ಕರೆ ಕೈಯಲ್ಲಿದ್ದದ್ದು ತಾನಾಗಿ ಹೋಗುತ್ತದೆ. ಅದು ನೆನಪಿರಲಿ.

ಒಬ್ಬ ಹುಡುಗನ ಕಥೆ ಹೇಳುತ್ತೇನೆ. ನಾಗಮಂಗಲದ ಕಡೆಯವನು. ಅವನಿಗೆ ಪಟ್ಟಿಯ ಆರನೆಯದು ಬಂದಿತ್ತು. ಎರಡನೆಯದಕ್ಕೆ ಇನ್ನೂ ಆಸೆ ಇತ್ತು. ಕೊನೆಯ ದಿನ ಸಂಜೆ ನಾಲ್ಕಕ್ಕೆ ಸೈಬರ್ ಸೆಂಟರ್‌ಗೆ ಹೋದ. ಒಳಗೆ ಮೂವತ್ತು ಜನ. ಸರ್ವರ್ ತಿರುಗುತ್ತಾ ಇದೆ. ಅಂಗಡಿಯವನು ಒಂದು ಕೈಯಲ್ಲಿ ಯಾರದೋ ಪಹಣಿ ಪ್ರಿಂಟ್ ತೆಗೆಯುತ್ತಾ ‘ಏನಪ್ಪಾ, ಸೇರ್ತೀಯ ತಾನೇ?’ ಅಂದ. ಹುಡುಗ ‘ಹೂಂ’ ಅಂದ. ಕಾಲೇಜು ಸೇರ್ತೀಯಾ ಅಂತ ಕೇಳಿದ ಅಂದುಕೊಂಡ. ಅಂಗಡಿಯವನು ಚಾಯ್ಸ್-1 ಒತ್ತಿದ. ಅಲ್ಲಿಗೆ ಮುಗಿಯಿತು. ಮುಂದಿನ ಸುತ್ತಿನಲ್ಲಿ ಆ ಎರಡನೇ ಕಾಲೇಜು ಇವನಿಗಿಂತ ಹಿಂದಿನ ರ‍್ಯಾಂಕಿನವನಿಗೆ ಹೋಯಿತು. ಅಂಗಡಿಯವನನ್ನು ಬೈದು ಏನು ಮಾಡುವುದು? ಪಾಸ್‌ವರ್ಡ್ ಮಗಳ ಹತ್ತಿರವೇ ಇರಲಿ. ಬಟನ್ ಅವಳೇ ಒತ್ತಲಿ. ಕೊನೆಯ ದಿನದವರೆಗೆ ಕಾಯಬೇಡಿ.

ಕಾಗದಪತ್ರ. ಜಾತಿ ಆದಾಯ ಪತ್ರದ ಆರ್‌ಡಿ ನಂಬರ್ ಸರಿಯಾಗಿದೆಯಾ ನೋಡಿ. ಆಧಾರ್, ಮಾರ್ಕ್ಸ್ ಕಾರ್ಡ್, ಜಾತಿ ಪತ್ರ ಮೂರರಲ್ಲೂ ಹೆಸರು ಒಂದೇ ಇರಬೇಕು. ಒಂದರಿಂದ ಹತ್ತನೇ ಕ್ಲಾಸಿನವರೆಗೆ ಪೂರ್ತಿ ಹಳ್ಳಿಯಲ್ಲಿ ಓದಿದ್ದರೆ ಗ್ರಾಮೀಣ ಮೀಸಲಾತಿ ಇದೆ, ಶೇ 15. ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಶೇ 5. ಮಗಳನ್ನು ಎಂಟನೇ ಕ್ಲಾಸಿಗೆ ಪಾಂಡವಪುರ ಪಟ್ಟಣದ ಸ್ಕೂಲಿಗೆ ಹಾಕಿದ್ದರೆ ಗ್ರಾಮೀಣ ಮೀಸಲಾತಿ ಹೋಯಿತು, ಹತ್ತೂ ವರ್ಷ ಹಳ್ಳಿಯಲ್ಲೇ ಆಗಿರಬೇಕು. ಸ್ಕಾಲರ್‌ಶಿಪ್‌ಗೆ ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಸೇರಿದ ಮೇಲೆ ಅರ್ಜಿ ಹಾಕಿ.

ಮಗನ ವಿಷಯಕ್ಕೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ನನಗೆ ಜಾಸ್ತಿ ಇಷ್ಟವಾದ ಸಾಲು ಅವನದು.

ಅವನು ಸ್ಟಾರ್ಟರ್ ಬಿಚ್ಚುತ್ತಾನೆ ಅಂದಿರಿ. ಮತ್ತೆ ಜೋಡಿಸುತ್ತಾನಾ? ಬಿಚ್ಚುವ ಹುಡುಗರು ಊರಿಗೆ ಹತ್ತು ಸಿಗುತ್ತಾರೆ. ಜೋಡಿಸಿ, ಮೋಟಾರ್ ಆನ್ ಮಾಡಿ, ನೀರು ಬಂತಾ ಅಂತ ಗದ್ದೆಯ ತುದಿಗೆ ಓಡಿ ಹೋಗಿ ನೋಡುವವನು ಒಬ್ಬ. ಕಾಯಿಲ್ ಸುಟ್ಟಿದೆಯೋ ರಿಲೇ ಕೈಕೊಟ್ಟಿದೆಯೋ ಅಂತ ಅವನು ಸರಿಯಾಗಿ ಹೇಳುತ್ತಾನೆ ಅಂದರೆ, ಶೇ 52 ಅನ್ನುವುದನ್ನು ಮರೆತುಬಿಡಿ. ಆದರೆ ಫ್ಯೂಸ್ ತೆಗೆಯದೆ ಡಬ್ಬಿ ಮುಟ್ಟಬೇಡ ಅಂತ ಇವತ್ತೇ ಗದರಿಸಿ ಹೇಳಿ. ಮೂರು ಫೇಸ್ ಕರೆಂಟು ತಮಾಷೆಯಲ್ಲ.

ನಾನೂ ಅಂಥವನೇ. ಪಿಯುಸಿಯಲ್ಲಿ ಫೇಲಾಗಿ ಡಿಪ್ಲೊಮಾಗೆ ಹೋದವನು. ‘ಇವನು ಅಷ್ಟೇ’ ಅಂತ ನಮ್ಮ ಮೇಷ್ಟ್ರೊಬ್ಬರು ಕ್ಲಾಸಿನಲ್ಲೇ ಅಂದಿದ್ದರು. ಆಮೇಲೆ ಮೂವತ್ತು ವರ್ಷ ಪಾಲಿಟೆಕ್ನಿಕ್‌ನಲ್ಲಿ ಪಾಠ ಮಾಡಿದೆ. ಹಾಗಾಗಿ ‘ಮರ್ಯಾದೆಗೆ ಪಿಯುಸಿ’ ಅನ್ನುವುದನ್ನು ಕೇಳಿದರೆ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ. ಕ್ಷಮಿಸಿ.

ಅವನ ಮುಂದೆ ಎರಡು ದಾರಿ ಇವೆ. ಯಾವುದು ಅಂತ ತೀರ್ಮಾನಿಸುವುದು ಒಂದೇ ಅಂಕ, ಗಣಿತದ್ದು. ನೀವು ಅದನ್ನು ಬರೆದಿಲ್ಲ. ಗಣಿತದಲ್ಲಿ ಐವತ್ತರ ಮೇಲೆ ಇದ್ದರೆ ಡಿಪ್ಲೊಮಾ ನೋಡಿ. ಮೂರು ವರ್ಷ. ಮೈಸೂರಿನಲ್ಲಿ ಸರ್ಕಾರಿ ಸಿಪಿಸಿ ಪಾಲಿಟೆಕ್ನಿಕ್ ಇದೆ. ಮುಗಿಸಿ ಡಿಸಿಇಟಿ (ಡಿಪ್ಲೊಮಾದವರ ಸಿಇಟಿ) ಬರೆದರೆ ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ನೇರ ಸೇರಬಹುದು. ಲೆಕ್ಕ ಹಾಕಿ. ಪಿಯುಸಿ ಎರಡು, ಬಿಇ ನಾಲ್ಕು, ಒಟ್ಟು ಆರು. ಡಿಪ್ಲೊಮಾ ಮೂರು, ಬಿಇ ಮೂರು, ಒಟ್ಟು ಆರು. ಒಂದು ದಿನವೂ ಜಾಸ್ತಿ ಆಗುವುದಿಲ್ಲ. ನಡುವೆ ಸಾಕು ಅನ್ನಿಸಿದರೆ ಕೈಯಲ್ಲಿ ಡಿಪ್ಲೊಮಾ ಇರುತ್ತದೆ. ಪಿಯುಸಿ ಮಾತ್ರ ಇದ್ದರೆ ಏನಿರುತ್ತದೆ?

ಗಣಿತ ಕಷ್ಟಪಟ್ಟು ಪಾಸಾಗಿದ್ದರೆ ಡಿಪ್ಲೊಮಾಗೆ ತಳ್ಳಬೇಡಿ. ಮೊದಲ ಸೆಮಿಸ್ಟರಿನ ಗಣಿತದಲ್ಲೇ ಮಕ್ಕಳು ಕೂತುಬಿಡುವುದನ್ನು ಮೂವತ್ತು ವರ್ಷ ನೋಡಿದ್ದೇನೆ. ಬ್ಯಾಕ್ ಉಳಿಸಿಕೊಂಡು, ನಾಚಿಕೊಂಡು, ಕಾಲೇಜಿಗೆ ಬರುವುದನ್ನೇ ಬಿಟ್ಟುಬಿಡುತ್ತಾರೆ. ಅಂಥವನಿಗೆ ಐಟಿಐ ಎಲೆಕ್ಟ್ರಿಷಿಯನ್ ಸರಿ, ಎರಡು ವರ್ಷ. ಮುಗಿಸಿ ಬೇಕಾದರೆ ಡಿಪ್ಲೊಮಾ ಎರಡನೇ ವರ್ಷಕ್ಕೆ ಸೇರಬಹುದು, ಅಲ್ಲಿಂದ ಬಿಇಗೂ ಹೋಗಬಹುದು. ಒಟ್ಟು ಏಳು ವರ್ಷ, ಒಂದು ವರ್ಷ ಮಾತ್ರ ಹೆಚ್ಚು. ಇಲ್ಲ, ಅಪ್ರೆಂಟಿಸ್ ಹೋಗಬಹುದು. ಮೈಸೂರಿನ ಅಶೋಕಪುರಂ ರೈಲ್ವೆ ವರ್ಕ್‌ಶಾಪಿಗೆ ತೆಗೆದುಕೊಳ್ಳುತ್ತಾರೆ. ಲಿಖಿತ ಪರೀಕ್ಷೆ ಇಲ್ಲ, ಎಸ್ಸೆಸ್ಸೆಲ್ಸಿ ಮತ್ತು ಐಟಿಐ ಅಂಕದ ಮೇಲೆ ಪಟ್ಟಿ ಮಾಡುತ್ತಾರೆ. ಹಾಗಾಗಿ ಐಟಿಐಯಲ್ಲಿ ಅಂಕ ಚೆನ್ನಾಗಿ ತೆಗೆಯಲಿ, 52ನ್ನು ಮೇಲೆತ್ತಲು ಅದೊಂದೇ ದಾರಿ. ಚೆಸ್ಕಾಂ ಪವರ್‌ಮ್ಯಾನ್ ಕೆಲಸ ಅಂತ ಊರಲ್ಲಿ ಎಲ್ಲರೂ ಹೇಳುತ್ತಾರೆ. ಅದಕ್ಕೆ ಕಂಬ ಹತ್ತಿ ತೋರಿಸಬೇಕು, ನಿಜ. ಆದರೆ ಕಂಬದ ಹತ್ತಿರ ಬಿಡುವ ಮೊದಲು ಎಸ್ಸೆಸ್ಸೆಲ್ಸಿ ಅಂಕ ನೋಡುತ್ತಾರೆ. ಅದನ್ನೇ ನಂಬಿ ಕೂರಬೇಡಿ.

ಇನ್ನೆರಡು ಜಾಗ ಹೇಳುತ್ತೇನೆ. ಮದ್ದೂರಿನಲ್ಲಿ ಜಿಟಿಟಿಸಿ ಇದೆ, ಸರ್ಕಾರದ ಟೂಲ್ ರೂಮ್. ಅಲ್ಲಿ ಎಸ್ಸೆಸ್ಸೆಲ್ಸಿ ಆದವರಿಗೆ ಡಿಪ್ಲೊಮಾ ಇದೆ. ಮೂರು ವರ್ಷ ಕಲಿಕೆ, ಮತ್ತೊಂದು ವರ್ಷ ಕಾರ್ಖಾನೆಯಲ್ಲಿ ತರಬೇತಿ. ಕೈಗೆ ಕೆಲಸ ಕಲಿಸುವುದರಲ್ಲಿ ನನಗೆ ಅವರ ಮೇಲೆ ಗೌರವ ಇದೆ. ಮೈಸೂರಿನ ಹೆಬ್ಬಾಳದಲ್ಲಿ ಸಿಪೆಟ್ ಇದೆ, ಪ್ಲಾಸ್ಟಿಕ್ ಮತ್ತು ಅಚ್ಚು ಮಾಡುವ ಡಿಪ್ಲೊಮಾ. ಎರಡೂ ಕರೆಂಟಿನ ಕೆಲಸವಲ್ಲ, ಲೇಥು, ಮಿಲ್ಲಿಂಗ್ ಮಷಿನ್ ಕೆಲಸ. ಅವನನ್ನೇ ಕರೆದುಕೊಂಡು ಹೋಗಿ ತೋರಿಸಿ.

ಖಾಸಗಿ ಐಟಿಐಗೆ ಸೇರಿಸುವುದಾದರೆ ಕೇಂದ್ರ ಸರ್ಕಾರದ ಮಾನ್ಯತೆ (ಎನ್‌ಸಿವಿಟಿ ಅನ್ನುತ್ತಾರೆ) ಆ ಟ್ರೇಡಿಗೇ ಇದೆಯಾ ಕೇಳಿ. ಆಫೀಸಿನಲ್ಲಿ ಕೂತು ಮಾತಾಡಬೇಡಿ, ವರ್ಕ್‌ಶಾಪ್ ಬಾಗಿಲು ತೆಗೆಸಿ. ಒಮ್ಮೆ ಒಬ್ಬ ಹುಡುಗನ ಜೊತೆ ನಾನೇ ಒಂದು ಕಡೆ ಹೋಗಿದ್ದೆ. ಬೀಗದ ಕೈ ಹುಡುಕಲು ಅವರಿಗೆ ಅರ್ಧ ಗಂಟೆ ಬೇಕಾಯಿತು. ಒಳಗೆ ವೆಲ್ಡಿಂಗ್ ಸೆಟ್ಟಿನ ಮೇಲಿನ ಪ್ಲಾಸ್ಟಿಕ್ ಕವರ್ ಇನ್ನೂ ತೆಗೆದಿರಲಿಲ್ಲ. ವೈಸ್ ಮೇಲೆ ಪಾರಿವಾಳ ಗೂಡು ಕಟ್ಟಿತ್ತು. ‘ಹಾಜರಾತಿ ನಾವು ನೋಡ್ಕೋತೀವಿ ಸಾರ್, ಪರೀಕ್ಷೆಗೆ ಬಂದರೆ ಸಾಕು’ ಅಂದರು. ಹಾಗಂದವರ ಹತ್ತಿರ ಸೇರಿಸಬೇಡಿ. ಸರ್ಕಾರಿ ಐಟಿಐಗೆ ಅರ್ಜಿ ಹಾಕುವ ದಿನಾಂಕ ಬೇಗ ಮುಗಿಯುತ್ತದೆ, ಮಗಳ ಆಪ್ಷನ್ ಎಂಟ್ರಿ ಗಡಿಬಿಡಿಯಲ್ಲಿ ಇದನ್ನು ಮರೆಯಬೇಡಿ. ಮನೆಯಲ್ಲಿ ಅಕ್ಕನ ಸೀಟಿನ ಮಾತು ಶುರುವಾದರೆ ತಮ್ಮನ ಅರ್ಜಿ ಕಪಾಟಿನಲ್ಲೇ ಉಳಿಯುತ್ತದೆ.

ಮೂರು ವಿಷಯ ನನಗೆ ಬರೆದು ಕಳಿಸಿ. ಮಗಳ ಕೃಷಿ ರ‍್ಯಾಂಕ್, ಅದರಲ್ಲಿ ಪ್ರಾಕ್ಟಿಕಲ್ ಅಂಕ ಎಷ್ಟು. ಅವಳು ಎಂಟರಿಂದ ಹತ್ತರವರೆಗೆ ಯಾವ ಊರಿನಲ್ಲಿ ಓದಿದಳು. ಮಗನ ಗಣಿತದ ಅಂಕ. ನೀವು ಮೂವರು ಕೂತು ಬರೆದ ಹಾಳೆಯ ಫೋಟೊ ಕೂಡ ಇರಲಿ. ಆಪ್ಷನ್ ಎಂಟ್ರಿ ಶುರುವಾಗುವ ಮೊದಲು ಕಳಿಸಿದರೆ ಪಟ್ಟಿ ನೋಡಿ ಹೇಳುತ್ತೇನೆ.